ಮಲಗುವಾಗ ಒಂದು

ಹಟ್ಟಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಅದು ವಸಂತಕುಮಾರನ ಜಗಲಿಗೇ ಬರಬೇಕು. ಕೂನೂರಿನ ಟೀ ಫ್ಯಾಕ್ಟರಿಯ ಗುಮಾಸ್ತ ತಾನೇ! ಅವನೂ ಅಷ್ಟೇ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಗತ್ತಿನಿಂದಲೇ ಓದಿ ಹೇಳುತ್ತಿದ್ದ.

ಅಂಥವನಿಗೆ ಹೆತ್ತ ತಾಯಿಯ ಮಾತ್ರೆ ಕವರಿನ ಮೇಲಿದ್ದ ಒಂದೇ ಒಂದು ಪದ ಯಾವ ಮಹಾ? ಬೆಡ್‌ಟೈಮ್. ಬೆನ್ನುನೋವಿಗೆ ರಾತ್ರಿಯೆಲ್ಲ ಹೊರಳಾಡುತ್ತಿದ್ದ ಮಾದಿಗೆ ನಿದ್ದೆ ಬರಲೆಂದು ಊಟಿಯ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ಅದು.

"ಅವ್ವೆ, ಇದು ಮಲಗುವಾಗ ಒಂದು. ಮರೀಬೇಡ, ಆಯ್ತಾ?" ಎಂದು ಎರಡೆರಡು ಸಲ ಹೇಳಿ ಬೆಳಗಿನ ಬಸ್ಸು ಹತ್ತಿದ.

ಮರೆಯುವ ಹೆಂಗಸೇ ಅವಳು! ಮಗನ ಮಾತೆಂದರೆ ವೇದವಾಕ್ಯ. ಬೇಡವೆಂದರೂ ಕೇಳದೆ ಮನೆ ಹಿಂದಿನ ತೋಟದಲ್ಲಿ ಒಂದಿಷ್ಟು ಎಲೆ ಕೊಯ್ದು ಬಂದಳು, ಬೆನ್ನು ತಡೆಯದೆ ಮಲಗಿದಳು, ಒಂದು ನುಂಗಿದಳು. ಕಾಪಿ ಕುಡಿದು ಮತ್ತೆ ಮಲಗಿದಳು, ಮತ್ತೊಂದು. ಉಂಡು ಮಲಗುವಾಗ ಇನ್ನೊಂದು. ನಡುನಡುವೆ ಎದ್ದು ಮತ್ತೆ ಮಲಗಿದಾಗ ಇನ್ನೆರಡು.

"ಇದೇನು ಮಾಮಿ, ಮತ್ತೇನಾ?" ಎಂದು ಸೊಸೆ ಕಮಲಂ ಕೇಳಿದ್ದುಂಟು.

"ಅವನೇ ಹೇಳಿದ್ದು, ಮಲಗುವಾಗ ಒಂದು ಅಂತ."

ಅವನೇ ಹೇಳಿದ ಮೇಲೆ ಕಮಲಂ ತಾನೇ ಏನು ಹೇಳಿಯಾಳು? ನೀರಿನ ಲೋಟ ತಂದುಕೊಟ್ಟಳು. ಸಂಜೆ ನಾಲ್ಕಕ್ಕೆ ಎಬ್ಬಿಸಿದರೆ ಮಾದಿ ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾತ್ರೆಯ ಪಟ್ಟಿ ಎತ್ತಿ ಹಿಡಿದು, "ಒಂದೇ ದಿನಕ್ಕೆ ಐದಾ? ಯಾರು ಹೇಳಿದ್ದು?" ಎಂದು ಗದರಿದರು.

"ನಾನೇ," ಎಂದ ಫ್ಯಾಕ್ಟರಿಯಿಂದ ಓಡಿ ಬಂದಿದ್ದ ವಸಂತಕುಮಾರ. ಅಷ್ಟು ಸಣ್ಣ ದನಿ ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅಯ್ಯೋ, ಅವನು ತಪ್ಪು ಓದಿದ್ದನೇ? ಮಲಗುವುದೆಂದರೆ ಅವನಿಗೆ ರಾತ್ರಿ ಒಂದು ಸಲ. ಬೆಳಗ್ಗೆ ಹೋಗಿ ಕತ್ತಲಾದ ಮೇಲೆ ಬರುವ ಮಗನಿಗೆ, ತಾಯಿ ಹಗಲಲ್ಲಿ ಎಷ್ಟು ಸಲ ಮಲಗುತ್ತಾಳೆಂಬುದೇ ತಿಳಿದಿರಲಿಲ್ಲ.

"ಇನ್ನು ಕಾಯಬೇಕು, ಅಷ್ಟೇ. ಉಳಿದರೆ ನಾಳೆ ಕಣ್ಣು ಬಿಡ್ತಾರೆ," ಎಂದು ಡಾಕ್ಟರಮ್ಮ ಹೋದರು. ಅವನು ತಾಯಿಯ ತಣ್ಣನೆಯ ಪಾದ ಉಜ್ಜುತ್ತ ಕೂತ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ಮಾದಿ ಅರೆಗಣ್ಣು ತೆರೆದಳು. ಸೂರು ನೋಡಿದಳು, ಮಂಚ ತಡವಿದಳು, ಮಗನನ್ನು ಗುರುತಿಸಿದಳು. ಅವನು "ಅವ್ವೆ!" ಎಂದು ಅತ್ತೇಬಿಟ್ಟ.

ಅವಳು ನಿಧಾನವಾಗಿ ಅಂಗೈ ಚಾಚಿದಳು.

"ಮಲಗಿದ್ದೀನಲ್ಲ ಮಗಾ, ಮಾತ್ರೆ ಕೊಡು."