ಮಿಂಚುಳ್ಳಿ ಪ್ಲೇಟಿನ ಆಣೆ

ಬಂಟ್ವಾಳ ಪೇಟೆಯ ನಮ್ಮ ಸ್ಟುಡಿಯೋ ಯಾಕೆ ಮುಚ್ಚಿತು ಎಂದು ಕೇಳಿದವರಿಗೆ ನನ್ನ ಅಣ್ಣ ಲೋಕನಾಥ ಶೆಟ್ಟಿ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಿದ್ದ. ಕರೆಂಟು ಸರಿಯಿಲ್ಲ, ಮದರಾಸಿನ ಕಂಪೆನಿಗಳ ಜೊತೆ ಏಗುವುದು ಕಷ್ಟ, ಮನೆಮನೆಗೆ ರೇಡಿಯೋ ಬಂತು. ಎಲ್ಲವೂ ಸುಳ್ಳಲ್ಲ. ಆದರೆ ಆ ಕೋಣೆಗೆ ಕೊನೆಯ ಸಲ ಬೀಗ ಹಾಕಿದವಳು ನಾನು, ಅವನ ತಂಗಿ ಪ್ರೇಮಾವತಿ. ನಿಜವಾದ ಕಾರಣ ನನಗೆ ಗೊತ್ತು.

ಅಣ್ಣ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಅಲ್ಲಿಗೆ ಬರುತ್ತಿದ್ದ ಹಾಡುಗಾರರ ಸಹವಾಸದಿಂದ ತಲೆ ಕೆಡಿಸಿಕೊಂಡು, ಐವತ್ತೇಳನೇ ಇಸವಿಯಲ್ಲಿ ಒಂದು ಟೇಪ್ ಮೆಶಿನಿನೊಂದಿಗೆ ಊರಿಗೆ ಬಂದ. ನೇತ್ರಾವತಿಯ ದಂಡೆಯಲ್ಲಿ ಅಕ್ಕಿಯ ಹಳೆಯ ಗೋದಾಮು ಸಿಕ್ಕಿತು. ಗೋಡೆಗೆ ತೆಂಗಿನ ನಾರಿನ ಚಾಪೆ, ಅದರ ಹಿಂದೆ ಅಕ್ಕಿಮುಡಿ ಬಿಚ್ಚಿದ ಬೈಹುಲ್ಲು, ಒಂದರ ಹಿಂದೊಂದು ಎರಡು ದಪ್ಪ ಬಾಗಿಲು. ಬಾಗಿಲು ಹಾಕಿದರೆ ನದಿ ಇಲ್ಲ, ಬಸ್ಸಿನ ಹಾರ್ನಿಲ್ಲ, ಕಾಗೆಯಿಲ್ಲ. ನಮ್ಮ ಉಸಿರು ನಮಗೇ ಕೇಳಿ ಹೆದರಿಕೆಯಾಗುತ್ತಿತ್ತು. ಹಾಡಲು ಬಂದವರು ಹಾಡು ಮುಗಿದ ಕೂಡಲೇ ಹೊರಗೆ ಬಂದು ಜಗಲಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ನನಗೂ ಅದರೊಳಗೆ ಒಬ್ಬಳೇ ಕೂರಲು ಆಗುತ್ತಿರಲಿಲ್ಲ.

ಕಂಪೆನಿಯ ಹೆಸರು ಮಿಂಚುಳ್ಳಿ ರೆಕಾರ್ಡ್ಸ್. ಟೇಪನ್ನು ಕಲ್ಕತ್ತೆಗೆ ಕಳಿಸಿದರೆ ಅಲ್ಲಿಂದ ಗ್ರಾಮಫೋನಿನ ಕಪ್ಪು ಪ್ಲೇಟುಗಳಾಗಿ, ನಡುವೆ ನೀಲಿ ಹಕ್ಕಿಯ ಚಿತ್ರ ಅಂಟಿಸಿಕೊಂಡು ಬರುತ್ತಿತ್ತು. ಒಂದು ಬದಿಯಲ್ಲಿ ಮೂರು ನಿಮಿಷದಷ್ಟೇ ಹಿಡಿಸುತ್ತಿತ್ತು. ಗಡಿಯಾರ ಹಿಡಿದು ಕೈ ಎತ್ತುವುದು, ಕೆಂಪು ಬಲ್ಬು ಹಾಕುವುದು, ಹಾಡುವವರಿಗೆ ಬೆಲ್ಲ ನೀರು ಕೊಡುವುದು, ಕೆಮ್ಮಿದವರನ್ನು ಗದರಿಸುವುದು ನನ್ನ ಕೆಲಸ. ಮೊದಲು ಭಜನೆ, ಮದುವೆಯ ಹಾಡು ಮಾಡಿದೆವು. ಮಾರಾಟ ಅಷ್ಟಕ್ಕಷ್ಟೆ. ಆಗ ಅಣ್ಣನಿಗೆ ನಾಟಕದ ಹುಚ್ಚು ಹಿಡಿಯಿತು.

ಮೂಡುಬಿದಿರೆಯ ಮೇಷ್ಟ್ರೊಬ್ಬರು ಒಂದು ಸಣ್ಣ ನಾಟಕ ಬರೆದುಕೊಟ್ಟರು. ಕನ್ನಡದ್ದೇ; ತುಳುವಿನಲ್ಲಾದರೆ ಘಟ್ಟದ ಮೇಲೆ ಹೋಗುವುದಿಲ್ಲವಲ್ಲ. ಗಂಡಸೊಬ್ಬ ಮದುವೆಯಾಗುತ್ತೇನೆಂದು ಹೆಣ್ಣಿಗೆ ಮಾತು ಕೊಟ್ಟು, ಆಮೇಲೆ ಹತ್ತು ಜನರ ಎದುರು ಇಲ್ಲವೆನ್ನುವ ಕಥೆ. ಅದರ ಜೀವವೆಲ್ಲ ಒಂದು ಮಾತಿನಲ್ಲಿತ್ತು: ‘ಧರ್ಮಸ್ಥಳದ ಸ್ವಾಮಿಯ ಆಣೆ, ಈ ಹೆಣ್ಣಿನ ಮುಖ ನಾನು ಕಂಡವನಲ್ಲ. ಕಂಡಿದ್ದರೆ ಈ ಎರಡು ಕಣ್ಣು ನನಗೆ ದಕ್ಕದೆ ಹೋಗಲಿ.’

ಯಕ್ಷಗಾನ ಮೇಳದಲ್ಲಿ ವೇಷ ಹಾಕುತ್ತಿದ್ದ ಮುಂಡಪ್ಪನನ್ನು ಆ ಪಾತ್ರಕ್ಕೆ ಕರೆಸಿದ್ದೆವು. ಅವನು ಕಾಗದ ಓದಿ, ಮಡಚಿ, ಅಣ್ಣನ ಕೈಗೆ ವಾಪಸು ಕೊಟ್ಟ.

“ಈ ಒಂದು ಮಾತು ನನ್ನಿಂದ ಆಗ್ಲಿಕ್ಕಿಲ್ಲ ಶೆಟ್ರೇ.”

“ನಾಟಕ ಅಲ್ವಾ ಮಾರಾಯ!”

“ನಾಟಕವೇ. ಬೇಕಾದ್ರೆ ಕಾಶಿ ವಿಶ್ವನಾಥನ ಆಣೆ ಹಾಕ್ತೇನೆ.”

“ಕಾಶಿಯಾದ್ರೆ ಅಡ್ಡಿಯಿಲ್ವಾ?” ಎಂದು ನಾನು ಕೆಣಕಿದೆ.

“ಕಾಶಿ ದೂರ ಉಂಟು ಅಕ್ಕ. ಧರ್ಮಸ್ಥಳಕ್ಕೆ ಬಸ್ಸು ಉಂಟು.”

ನಾನು ನಕ್ಕೆ. ಮುಂಡಪ್ಪ ನಗಲಿಲ್ಲ. “ಆಟದಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಇದು ಪ್ಲೇಟು. ಹಾಕಿದಷ್ಟು ಸಲವೂ ಆಣೆ ಹಾಕಿದ ಹಾಗೆಯೇ” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ. ನಮ್ಮ ಕಡೆ ಜಗಳದಲ್ಲಿ ಕೂಡ ಆ ಆಣೆ ಬಾಯಿಗೆ ಬಂದರೆ ಹಲ್ಲು ಕಚ್ಚಿ ತಡೆಯುತ್ತಾರೆ. ಜಾಗದ ತಕರಾರಿರಲಿ, ಕೊಟ್ಟ ಮಾತಿನ ತಕರಾರಿರಲಿ, ‘ನಡೆ, ಅಲ್ಲಿ ಹೋಗಿ ಆಣೆ ಹಾಕುವ’ ಎಂದರೆ ಎಷ್ಟೋ ಜನ ನಿಂತಲ್ಲೇ ತಣ್ಣಗಾಗುತ್ತಾರೆ. ಅಣ್ಣನಿಗೂ ಇದು ಗೊತ್ತಿತ್ತು. ಕೇಳಿದವರ ಮೈ ಜುಂ ಎನ್ನಬೇಕು ಎಂದೇ ಅವನಿಗೆ ಆ ಮಾತು ಬೇಕಾಗಿತ್ತು.

ಪಾತ್ರ ಶಿರ್ತಾಡಿಯ ಶಂಭುವಿಗೆ ಹೋಯಿತು. ಊರೂರಿನ ನಾಟಕಗಳಲ್ಲಿ ನಾಯಕನ ಪಾತ್ರ ಮಾಡುವವನು. ಜಗಳಕ್ಕೆ ಬಂದವನೂ ಅವನ ಮಾತು ಕೇಳಿದರೆ ಕೂತು ಚಾ ಕುಡಿದು ಹೋಗಬೇಕು, ಅಂಥ ಸ್ವರ. “ಆಣೆಯಾ ಲೋಕಣ್ಣ? ಎಷ್ಟು ಬೇಕು?” ಎಂದು ನಕ್ಕ. ಹೆಣ್ಣಿನ ಪಾತ್ರ ನಮ್ಮಲ್ಲೇ ಹಾಡುತ್ತಿದ್ದ ಬೆಳ್ತಂಗಡಿಯ ರಾಜೀವಿಗೆ. ಶಂಭು ಬರುತ್ತಾನೆಂದು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

“ಜ್ವರವಾ?” ಎಂದು ಕೇಳಿದೆ.

“ಇಲ್ಲ ಅಕ್ಕ. ಮಾಡ್ತೇನೆ.”

ನಮ್ಮಲ್ಲಿದ್ದದ್ದು ಒಂದೇ ಮೈಕು. ಅದರ ಎರಡು ಬದಿಗೆ ಇಬ್ಬರೂ ಎದುರುಬದುರು ನಿಂತರು. ಮುಖಕ್ಕೂ ಮುಖಕ್ಕೂ ನಡುವೆ ಒಂದು ಮೊಳ ಜಾಗ. ನಾನು ಕೆಂಪು ಬಲ್ಬು ಹಾಕಿದೆ. ಗಾಜಿನಾಚೆಯ ಮೆಶಿನು ಕೋಣೆಯಲ್ಲಿ ಅಣ್ಣ ಟೇಪು ಬಿಟ್ಟ. ಶಂಭು ಕಾಗದ ನೋಡಲಿಲ್ಲ. ರಾಜೀವಿಯ ಕಣ್ಣನ್ನೇ ನೋಡುತ್ತ ಆಣೆ ಹಾಕಿದ. ಒಂದು ಅಕ್ಷರ ನಡುಗಲಿಲ್ಲ. ಕಾಗದದ ಪ್ರಕಾರ ಅವಳು ಆಗ ಅಳಬೇಕು. ಅವಳು ಅಳಲಿಲ್ಲ.

“ಇನ್ನೊಮ್ಮೆ ಹೇಳಿ,” ಎಂದಳು.

ಅದು ಬರೆದ ಮಾತಲ್ಲ. ಟೇಪು ತಿರುಗುತ್ತಿತ್ತು. ಅಲ್ಲಿ ನಿಲ್ಲಿಸಿದರೆ ಸೋತ ಹಾಗೆ ಎಂದು ಶಂಭುವಿಗೆ ಕಂಡಿರಬೇಕು. ಆಣೆಯನ್ನು ಪೂರ್ತಿಯಾಗಿ, ಕಣ್ಣಿನ ಮಾತೂ ಸೇರಿಸಿ, ಇನ್ನೊಮ್ಮೆ ಹೇಳಿದ. ಅಭಿನಯ ಹಾಗಿರುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

“ಭಾರೀ ಲಾಯ್ಕಾಯ್ತು! ಇದನ್ನೇ ಇಡುವ!” ಗಾಜಿನಾಚೆ ಅಣ್ಣ ಕುಣಿಯುತ್ತಿದ್ದ.

ಮಧ್ಯಾಹ್ನ ಜಗಲಿಯಲ್ಲಿ ರಾಜೀವಿ ಎಲ್ಲ ಹೇಳಿದಳು. ಹಿಂದೆ ಮೂಡುಬಿದಿರೆಯಲ್ಲಿ ಬೇರೊಂದು ನಾಟಕದ ತಾಲೀಮಿನ ಸಮಯದಲ್ಲಿ ಶಂಭು ಅವಳಿಗೆ ಮದುವೆಯ ಮಾತು ಕೊಟ್ಟಿದ್ದ. ಮಾತಷ್ಟೇ ಅಲ್ಲ, ಆಮೇಲೆ ಗಂಡನ ಹಾಗೆಯೇ ಬಂದು ಹೋಗುತ್ತಿದ್ದ. ಈಗ ಬೊಂಬಾಯಿಯ ಹೋಟೆಲು ಧಣಿಯ ಮಗಳ ಸಂಬಂಧ ಬಂದಿದೆ. ‘ರಾಜೀವಿ ಯಾರೋ ನನಗೆ ಗೊತ್ತೇ ಇಲ್ಲ’ ಎನ್ನುತ್ತಾನೆ. ಅವಳನ್ನು ಸಾಕಿದ ಸೋದರಮಾವ ಹಿರಿಯರನ್ನು ಸೇರಿಸಿ, ಹಾಗಾದರೆ ಧರ್ಮಸ್ಥಳಕ್ಕೆ ಬಂದು ಆಣೆ ಹಾಕು ಎಂದಿದ್ದರು. ನಾಳೆ ಹೋಗುವ, ನಾಡಿದ್ದು ಹೋಗುವ ಎಂದು ಶಂಭು ದಿನ ದೂಡುತ್ತಿದ್ದ.

“ನನ್ನ ಎದುರು ನಿಂತ್ರೆ ಅವರಿಗೆ ಆ ಮಾತು ಬರ್ಲಿಕ್ಕಿಲ್ಲ ಅಂತ ಎಣಿಸಿದ್ದೆ ಅಕ್ಕ,” ಎಂದಳು. “ಎರಡು ಸಲ ಬಂತು.”

ನಾನು ಒಳಗೆ ಹೋಗಿ ಅಣ್ಣನಿಗೆ ಹೇಳಿದೆ, ಆ ಟೇಪು ಅಳಿಸು ಎಂದು. ಅವನು ಕೇಳಲಿಲ್ಲ. ಊಟ ಬಿಟ್ಟು ಜಗಳ ಮಾಡಿದೆ. ನಾಟಕ ನಾಟಕವೇ, ಹೆಂಗಸರಿಗೆ ಎಲ್ಲದರಲ್ಲೂ ಅಪಶಕುನ ಎಂದ. ಅವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪ್ಲೇಟು ಬಂತು. ನಮ್ಮ ಕಂಪೆನಿಯ ಚರಿತ್ರೆಯಲ್ಲಿ ಅಷ್ಟು ಮಾರಿದ್ದು ಇನ್ನೊಂದಿಲ್ಲ. ಸ್ಟುಡಿಯೋದ ಎದುರಿಗೇ ಅಬ್ದುಲ್ ಸಮದ್‌ನ ಹೋಟೆಲು. ಬಸ್ಸಿಗೆ ಕಾಯುವವರು ಅಲ್ಲಿ ಅದನ್ನೇ ಕೇಳಿ ಕೇಳಿ ಹಾಕಿಸುತ್ತಿದ್ದರು. ಒಂದು ದಿನ ಶಂಭು ರಾಜೀವಿಯ ಮಾವನನ್ನೂ ಹಿರಿಯರನ್ನೂ ಅಲ್ಲಿಗೇ ಕರೆದುಕೊಂಡು ಬಂದು ಬೆಂಚಿನಲ್ಲಿ ಕೂರಿಸಿ ಪ್ಲೇಟು ಹಾಕಿಸಿದ.

“ಅದೇ ಸ್ವಾಮಿಯ ಆಣೆ, ಅವಳದ್ದೇ ಎದುರು. ಎರಡೆರಡು ಸಲ ಹಾಕಿದ್ದೇನೆ. ಇನ್ನು ಎಂಥ ಬೇಕು ನಿಮಗೆ?” ಎಂದ.

ಬೇರೆ ಊರಿನಲ್ಲಾದರೆ ನಕ್ಕು ಎದ್ದು ಹೋಗುತ್ತಿದ್ದರು. ನಮ್ಮವರು ನಗಲಿಲ್ಲ. ಆಣೆ ಆಣೆಯೇ. ಸುಳ್ಳಾದರೆ ಸ್ವಾಮಿ ನೋಡಿಕೊಳ್ಳುತ್ತಾನೆ. ಅಲ್ಲಿಯವರೆಗೆ ಹುಡುಗಿಯೇ ಸುಳ್ಳುಗಾತಿ. ಮಾವ ಶಾಲು ಕೊಡವಿ ಎದ್ದರು. ಮರುದಿನ ರಾಜೀವಿ ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಶಂಭುವಿನ ಮದುವೆ ಬೊಂಬಾಯಿಯಲ್ಲಿ ಜೋರಾಗಿ ನಡೆಯಿತು.

ಆಮೇಲೆ ಊರು ಕಾಯತೊಡಗಿತು. ಅದು ನೋಡಲಾಗದ ಕಾಯುವಿಕೆ. ಶಂಭು ಊರಿಗೆ ಬಂದಾಗಲೆಲ್ಲ ಜನ ಅವನ ಬಟ್ಟೆ ನೋಡಲಿಲ್ಲ, ಹೆಂಡತಿಯ ಚಿನ್ನ ನೋಡಲಿಲ್ಲ. ಅವನ ಕಣ್ಣು ನೋಡುತ್ತಿದ್ದರು. ಮೊದಮೊದಲು ಅವನು ನಗುತ್ತಿದ್ದ. ಒಂದು ವರ್ಷ ಕಳೆದ ಮೇಲೆ ಹೋಟೆಲಿಂದ ಹೋಟೆಲಿಗೆ ಹೋಗಿ ಆ ಪ್ಲೇಟು ಕೊಂಡು ಒಡೆಯುತ್ತಿದ್ದಾನೆ ಎಂದು ಸುದ್ದಿ ಬಂತು. ಒಡೆದಷ್ಟೂ ಅಣ್ಣ ಕಲ್ಕತ್ತೆಯಿಂದ ತರಿಸಿದ. ಕೊನೆಗೆ ಶಂಭು ಊರಿಗೆ ಬರುವುದನ್ನೇ ಬಿಟ್ಟ.

ರಾಜೀವಿಯ ಗತಿ ಇನ್ನೂ ಕೆಟ್ಟದ್ದು. ಆಣೆಯ ಹೆಣ್ಣು ಎಂದೇ ಅವಳಿಗೆ ಹೆಸರು ಬಿತ್ತು. ಅವಳ ಹೆಸರಿದ್ದ ಭಜನೆಯ ಪ್ಲೇಟನ್ನು ಅಂಗಡಿಯವರು ಹಿಂದೆ ಕಳಿಸಿದರು. ಮತ್ತೆ ಅವಳು ಬೇರೆಯವರ ಹಿಂದೆ, ಹೆಸರಿಲ್ಲದೆ, ದನಿಗೂಡಿಸುತ್ತಿದ್ದಳು. ಅಷ್ಟು ಒಳ್ಳೆಯ ಸ್ವರ. ನೆನೆದರೆ ಹೊಟ್ಟೆ ಉರಿಯುತ್ತದೆ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಸ್ಟುಡಿಯೋ ನಡೆದ ಕೊನೆಯ ದಿನ, ನಾವಿಬ್ಬರೂ ಅಲ್ಲಿದ್ದೆವು. ರಾಜೀವಿ ದೊಡ್ಡ ಬಲ್ಬಿನ ಕೆಳಗೆ ಕೂತು ಹಾಡಿನ ಕಾಗದ ನೋಡುತ್ತಿದ್ದಳು. ನಾನು ಮೈಕಿನ ಧೂಳು ಒರೆಸುತ್ತಿದ್ದೆ. ಬಾಗಿಲಲ್ಲಿ ಶಂಭು ಬಂದು ನಿಂತ. ಕಪ್ಪು ಕನ್ನಡಕ, ಇಸ್ತ್ರಿ ಹಾಕಿದ ಅಂಗಿ. ಹೆಂಡತಿ ಅವನ ಮೊಣಕೈ ಹಿಡಿದಿದ್ದಳು. ಬೊಂಬಾಯಿಯ ಗತ್ತು ಎಂದುಕೊಂಡೆ. ಸಿಟ್ಟಿನಲ್ಲಿ ಕೈಯ ಬಟ್ಟೆಯನ್ನು ಮೇಜಿನ ಮೇಲೆ ಎಸೆದೆ. ಬಳೆ ಸದ್ದಾಯಿತು.

ಅವನು ನೇರ ನನ್ನ ಕಡೆ ತಿರುಗಿ ಕೈ ಮುಗಿದ.

“ರಾಜೀವಿ, ಬಳೆಯ ಶಬ್ದದಲ್ಲೇ ಗೊತ್ತಾಯ್ತು ನೀನು ಅಂತ. ಒಮ್ಮೆ ನನ್ನ ಜೊತೆ ಬಾ. ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕುವ. ನಿನ್ನ ಕಾಲು ಹಿಡೀತೇನೆ.”

ಎರಡೇ ಹೆಜ್ಜೆಯಾಚೆ, ಬಲ್ಬಿನ ಪೂರ್ತಿ ಬೆಳಕಿನಲ್ಲಿ ರಾಜೀವಿ ಕೂತಿದ್ದಳು. ಹೆಂಡತಿ ಪಾಪ ನಮ್ಮಿಬ್ಬರನ್ನೂ ಮೊದಲು ಕಂಡವಳಲ್ಲ. ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡುತ್ತಿದ್ದಳು. ಡಾಕ್ಟರರು ಕಣ್ಣಿನ ನರದ ರೋಗ ಎಂದಿದ್ದರಂತೆ. ಇರಬಹುದು. ನಾನು ಡಾಕ್ಟರರ ಮಾತು ನಂಬುವವಳೇ. ಆದರೂ ಅವತ್ತು ಆ ಕೋಣೆಯಲ್ಲಿ ನಾನು ಹೆದರಿದಷ್ಟು ಮತ್ತೆಂದೂ ಹೆದರಿಲ್ಲ.

ಹಾಕಿದ ಆಣೆಯನ್ನು ಹಿಂತೆಗೆಯಬೇಕಾದರೆ ಎರಡೂ ಕಡೆಯವರು ಒಟ್ಟಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ನಡೆ. ಅವಳಿಲ್ಲದೆ ಅವನಿಗೆ ದಾರಿಯಿರಲಿಲ್ಲ.

“ನಾನು ಇಲ್ಲಿ ಇದ್ದೇನೆ,” ಎಂದಳು ರಾಜೀವಿ.

ಶಂಭುವಿನ ಮುಖ ಬೆದರಿ ಆ ಕಡೆ ತಿರುಗಿತು.

“ಬರ್ತೇನೆ,” ಎಂದಳು ಅವಳು. ಸ್ವರದಲ್ಲಿ ಸಿಟ್ಟಿರಲಿಲ್ಲ. “ಇವತ್ತಿನ ಬಸ್ಸಿಗೇ ಬರ್ತೇನೆ. ಆದ್ರೆ ಮೊದಲು ಎದುರಿನ ಹೋಟೆಲಿಗೆ ಹೋಗುವ. ನನ್ನ ಮಾವನನ್ನು ಕೂರಿಸಿದ ಬೆಂಚಿನ ಹತ್ತಿರ ನಿಂತು, ರಾಜೀವಿ ಸುಳ್ಳು ಹೇಳಿದವಳಲ್ಲ ಅಂತ ಒಂದು ಮಾತು ಹೇಳಿ. ನಾಲ್ಕು ಜನ ಕೇಳಿದ್ರೆ ಸಾಕು.”

ಹೆಂಡತಿ ಅವನ ತೋಳು ಅಲುಗಿಸಿದಳು. “ಹೇಳಿ. ಹೇಳಿ ಬಿಡಿ,” ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಶಂಭುವಿನ ತುಟಿ ಎರಡು ಸಲ ಅಲುಗಿತು. ಕಣ್ಣು ಬೇಕಾಗಿತ್ತು ಅವನಿಗೆ, ಬದುಕು ಬೇಕಾಗಿತ್ತು. ಆದರೆ ಊರಿನ ಎದುರು ಅಷ್ಟು ಸಣ್ಣವನಾಗುವುದು ಬೇಕಾಗಿರಲಿಲ್ಲ.

“ಅದೊಂದು ಆಗ್ಲಿಕ್ಕಿಲ್ಲ,” ಎಂದ. ಗೋಡೆಯ ಚಾಪೆ ತಡವುತ್ತ ಹೊರಟ.

ನಾವು ಬಾಗಿಲಿಗೆ ಬಂದೆವು. ಅವನು ಹೆಂಡತಿಯೊಂದಿಗೆ ರಸ್ತೆಗೆ ಇಳಿದಿದ್ದ. ಅಷ್ಟರಲ್ಲಿ ಸಮದ್‌ನ ಹೋಟೆಲಿನಲ್ಲಿ ಯಾರೋ ಪ್ಲೇಟು ಹಾಕಿಸಿದರು. ಎಳೆಯ ಶಂಭು ಗಟ್ಟಿಯಾಗಿ ಆಣೆ ಹಾಕಿದ. ರಾಜೀವಿಯ ಹಳೆಯ ಸ್ವರ, “ಇನ್ನೊಮ್ಮೆ ಹೇಳಿ,” ಎಂದಿತು.

ರಸ್ತೆಯಲ್ಲಿದ್ದವನು ಗಕ್ಕನೆ ನಿಂತ. ಅವನ ಬೆನ್ನ ಹಿಂದೆ, ಕರೆದರೆ ಕೇಳುವಷ್ಟು ಹತ್ತಿರದಲ್ಲಿ, ನಿಜವಾದ ರಾಜೀವಿ ನಿಂತಿದ್ದಳು. ಅವನು ಹೋಟೆಲಿನ ಕಡೆ ಮುಖ ಮಾಡಿ ಎರಡೂ ಕೈ ಚಾಚಿ, “ಬೇಡ ಮಾರಾಯ್ತಿ, ಇನ್ನೊಮ್ಮೆ ಬೇಡ,” ಎಂದು ಕೂಗಿದ. ಪ್ಲೇಟು ನಿಲ್ಲಲಿಲ್ಲ. ಎರಡನೆಯ ಆಣೆ ಶುರುವಾಯಿತು.

“ಅಕ್ಕ, ಬಾಗಿಲು ಹಾಕಿ,” ಎಂದಳು ರಾಜೀವಿ.

ಹಾಕಿದೆ, ಒಂದರ ಹಿಂದೊಂದು ಎರಡನ್ನೂ. ಮತ್ತೆ ಅವನ ಕೂಗೂ ಕೇಳಿಸಲಿಲ್ಲ, ಆಣೆಯೂ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿಸಿದ್ದ ನನ್ನ ಅಣ್ಣ ಆ ಕೋಣೆಯನ್ನು.