ಬಾನೆಟ್ ಹಾರಬಾರದು

ಕಳೆದ ವರ್ಷ ಅಮ್ಮತ್ತಿಯ ಗದ್ದೆ ರೇಸಿನಲ್ಲಿ ನಿಶ್ಮಿತಾಳ ಕಾರಿನ ಬಾನೆಟ್ ಕಿತ್ತು ಹಾರಿ, ಬಹುಮಾನಗಳನ್ನು ಜೋಡಿಸಿಟ್ಟ ಮೇಜಿನ ಮೇಲೆ ಹೋಗಿ ಬಿದ್ದಿತ್ತು. ಮೊದಲ ಬಹುಮಾನದ ಕಪ್ಪಿನ ಒಂದು ಕಿವಿ ಮುರಿಯಿತು. ಮುಖ್ಯ ಅತಿಥಿಗಳು ಆ ಒಂಟಿ ಕಿವಿಯ ಕಪ್ಪನ್ನೇ ನಗುನಗುತ್ತಾ ಗೆದ್ದ ಅಶೋಕನ ಕೈಗೆ ಕೊಟ್ಟರು. ನಿಶ್ಮಿತಾಳಿಗೆ ಸಿಕ್ಕಿದ್ದು ಎಚ್ಚರಿಕೆ. ಮುಂದಿನ ಸಲ ಅವಳ ಕಾರಿನಿಂದ ಉಗುರಿನಷ್ಟು ತುಂಡು ಬಿದ್ದರೂ ಮತ್ತೆಂದೂ ಗದ್ದೆಗೆ ಇಳಿಸುವುದಿಲ್ಲ ಎಂದು, ಕಾರುಗಳ ತಪಾಸಣೆ ಮಾಡುವ ಚಿದಾನಂದ ಎಲ್ಲರೆದುರೇ ಹೇಳಿಬಿಟ್ಟ.

ಅವಳಿಗೆ ಅದು ಚುಚ್ಚಿತ್ತು. ವರ್ಷವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂತು ಊರವರ ಸಹಿ ಹೋಲಿಸಿ ನೋಡುವವಳಿಗೆ, ಕೊಯ್ಲು ಮುಗಿದ ಗದ್ದೆಯಲ್ಲಿ ಧೂಳೆಬ್ಬಿಸಿಕೊಂಡು ಹೊಡೆಯುವ ಆ ನಾಲ್ಕು ಸುತ್ತು ಬಿಟ್ಟರೆ ತನ್ನದು ಅನ್ನುವಂಥದ್ದು ಬೇರೇನೂ ಇರಲಿಲ್ಲ. ಅದನ್ನೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ನೋಡಿದರೆ ತಪ್ಪು ಬಾನೆಟ್ಟಿನದೇ. ಕಾರಿನ ಭಾರ ಇಳಿಸಲೆಂದು ತಗಡು ಕಳಚಿ ಹಾಕಿಸಿದ ಫೈಬರ್ ಅದು, ಹಪ್ಪಳದಷ್ಟು ತೆಳು. ಬಂಪರು, ಮಡ್ಗಾರ್ಡು ಎಲ್ಲ ಅದೇ ಜಾತಿ. ನೀರಿನ ಟ್ಯಾಂಕುಗಳಿಗೆ ತೇಪೆ ಹಾಕುವ ಸುಬ್ಬ ತಿಂಗಳಿಂದ ನಾಳೆ ನಾಳೆ ಎನ್ನುತ್ತಿದ್ದವನು, ಕಡೆಗೆ ಈ ವರ್ಷದ ರೇಸಿನ ಹಿಂದಿನ ದಿನ ಬಂದ. ಮನೆಯಲ್ಲಿ ಆಡುವುದು ಕೊಡವ ತಕ್ಕ್. ಕಾರಿನ ವಿಷಯಕ್ಕೆ ಮಾತ್ರ ಕನ್ನಡ, ಸುಬ್ಬನಿಗೂ ತಿಳಿಯಬೇಕಲ್ಲ.

"ಒಳಗಡೆ ಅಡ್ಡಪಟ್ಟಿ ಕೊಡ್ಬೇಕು ಅಕ್ಕ. ಬರೀ ಮ್ಯಾಟ್ ಅಂಟಿಸಿದ್ರೆ ಅಗಲ ಜಾಗ ಮತ್ತೆ ಅದುರ್ತದೆ," ಅಂದ ಸುಬ್ಬ.

ಬಾನೆಟ್ಟನ್ನು ಮಗುಚಿ, ಒಳಮೈ ಉಜ್ಜಿ, ಬಿದಿರಿನ ಸೀಳುಗಳನ್ನು ಅಡ್ಡಡ್ಡ ಇಟ್ಟು, ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಅಂಟು ಬಳಿದ. ಅರ್ಧಕ್ಕೇ ಮ್ಯಾಟ್ ಮುಗಿಯಿತು. ನಿಶ್ಮಿತಾಳ ಅವ್ವ ಪೊನ್ನಮ್ಮ ಕಾಫಿ ತುಂಬುವ ಗೋಣಿಚೀಲ ತಂದು ಮುಂದಿಟ್ಟಳು.

"ಐವತ್ತು ಕೆಜಿ ಕಾಫಿ ಹೊರ್ತದೆ ಇದು. ಗಾಳಿ ತಡೆಯೋದಿಲ್ವಾ?"

ಸುಬ್ಬನಿಗೂ ಅದು ಸರಿಯೆನಿಸಿತು. ಗೋಣಿ ರೆಸಿನ್ ಕುಡಿದದ್ದೇ ಕುಡಿದದ್ದು. ಒದ್ದೆ ಬಾನೆಟ್ ಸೊಟ್ಟಗಾಗದಂತೆ ಅದನ್ನು ಕಾರಿನ ಮೇಲೆಯೇ ಕೂರಿಸಿ, ಅಂಟಿಕೊಳ್ಳದಿರಲೆಂದು ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಬೆಳಗಿನವರೆಗೆ ಹಾಳೆ ಮುಟ್ಟಬೇಡಿ ಎಂದು ಹೇಳಿ ಸುಬ್ಬ ಹೊರಟುಹೋದ.

ಸಂಜೆ ಹೊತ್ತಿಗೆ ಮೋಡ ಕವಿಯಿತು. ಕಣದ ತುಂಬ ಕಾಫಿ ಹರಡಿತ್ತು. ಕೊಡಗಿನಲ್ಲಿ ಕಣದಲ್ಲಿ ಕಾಫಿ ಇರುವಾಗ ಮೋಡ ಕಂಡರೆ ಯಾರೂ ಯೋಚನೆ ಮಾಡುವುದಿಲ್ಲ, ಓಡುತ್ತಾರೆ. ಕಾಫಿ ಮುಚ್ಚಲು ಟಾರ್ಪಾಲು ಹೋಯಿತು, ಮಳೆಗಾಲದ ಕೊಪ್ಪೆ ಹೋಯಿತು, ಊಟದ ಮೇಜಿನ ಹಾಸು ಹೋಯಿತು. "ಇನ್ನೂ ಒಂದು ಮೂಲೆ ಉಂಟು," ಎಂದು ಅವ್ವ ಕೂಗಿದಳು. ನಿಶ್ಮಿತಾ ಬಾನೆಟ್ ಎತ್ತಿ, ಹಾಳೆ ಎಳೆದು, ಬಾನೆಟ್ಟನ್ನು ಮತ್ತೆ ಒಪ್ಪವಾಗಿ ಕೂರಿಸಿ ಕಣಕ್ಕೆ ಓಡಿದಳು. ನಾಲ್ಕು ಹನಿ ಬಿದ್ದು ಮೋಡ ಚದುರಿತು. ಕಾಫಿ ಉಳಿಯಿತೆಂದು ಹಾಯಾಗಿ ಮಲಗಿದಳು.

ಬೆಳಿಗ್ಗೆ ಬಾನೆಟ್ ಎತ್ತಲು ಹೋದರೆ ಕಾರೇ ಮೇಲೇಳಲು ನೋಡಿತು. ಸುಬ್ಬ ಬಂದು ಸುತ್ತಲೂ ತಟ್ಟಿ ನೋಡಿದ.

"ಈಗ ಇದು ಬಾನೆಟ್ ಅಲ್ಲ ಅಕ್ಕ. ಬಾನೆಟ್ಟು, ಮಡ್ಗಾರ್ಡು, ಬಂಪರು ಎಲ್ಲ ಒಂದೇ ಮನೆತನ ಆಗಿದೆ. ಕತ್ತರಿಸ್ಲಾ?"

"ಬೇಡ. ಕತ್ತರಿಸಿದ್ರೆ ಮತ್ತೆ ಹಾರ್ತದೆ," ಅಂದಳು ನಿಶ್ಮಿತಾ.

"ರೇಡಿಯೇಟರಿಗೆ ನೀರು?"

"ನಿನ್ನೆ ಇದ್ದದ್ದು ಇವತ್ತೂ ಇರ್ತದೆ."

ಗದ್ದೆಯಲ್ಲಿ ಚಿದಾನಂದ ಬಾನೆಟ್ ತೆಗೆಯಿರಿ ಎಂದ. ತೆಗೆಯಲು ಆಗುವುದಿಲ್ಲ ಎಂದಳು.

"ಹಾಗಾದ್ರೆ ಒಳಗೆ ಇಂಜಿನ್ ಉಂಟು ಅಂತ ನಾನು ಹೇಗೆ ನಂಬೋದು?"

ನಿಶ್ಮಿತಾ ಕಾರು ಸ್ಟಾರ್ಟ್ ಮಾಡಿದಳು. ಸದ್ದು ಬಂದರೆ ಸಾಲದು, ಕಾಣಬೇಕು ಎಂದ. ಆಮೇಲೆ ತಾನೇ ಅಂಗಾತ ಮಲಗಿ ಕಾರಿನಡಿ ತೂರಿ ನೋಡಿ, "ಏನೋ ಒಂದು ಉಂಟು," ಎಂದು ಧೂಳು ಕೊಡವಿಕೊಂಡು ಎದ್ದ. ಬಾನೆಟ್ ಗಟ್ಟಿಯಿದೆಯೇ ಎಂದು ಅವನು ಕೇಳುವ ಮೊದಲೇ ಪೊನ್ನಮ್ಮ ಸೆರಗು ಸರಿಮಾಡಿಕೊಂಡು ಅದರ ಮೇಲೆ ಹತ್ತಿ ಕುಳಿತಳು. ಅವನು ಕಾರನ್ನು ಗದ್ದೆಗೆ ಬಿಟ್ಟುಬಿಟ್ಟ.

ಮೊದಲ ಸುತ್ತಿನಲ್ಲಿ ಏನೂ ಅದುರಲಿಲ್ಲ. ನಿಶ್ಮಿತಾಳಿಗೆ ಅಳುವಷ್ಟು ಖುಷಿಯಾಯಿತು. ಎರಡನೆಯದರಲ್ಲಿ ತಿರುವು ತಪ್ಪಿ ಗದ್ದೆಯ ಬದುವಿಗೆ ಗುದ್ದಿದಳು. ಬದು ಒಡೆಯಿತು, ಬಂಪರ್ ಒಡೆಯಲಿಲ್ಲ. ಮೂರನೆಯದರಲ್ಲಿ ನಾಲ್ಕೂ ಕಡೆಯಿಂದ ಕಡುಬಿನ ಪಾತ್ರೆಯಂತೆ ಆವಿ ಬರತೊಡಗಿತು. ನಿಲ್ಲಿಸಿದರೂ ತೆಗೆದು ನೋಡುವ ಹಾಗಿಲ್ಲವಲ್ಲ, ಹಾಗಾಗಿ ನಿಲ್ಲಿಸಲಿಲ್ಲ. ಕಡೆಯ ಸುತ್ತು ಮುಗಿಯುವ ಮೊದಲೇ ಇಂಜಿನ್ ಪ್ರಾಣ ಬಿಟ್ಟಿತು. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿ, ಎಲ್ಲರಿಗಿಂತ ಕೊನೆಗೆ ಗೆರೆ ದಾಟಿತು. ಬಿಂದಿಗೆ ಹಿಡಿದು ಓಡಿ ಬಂದವರು ಎಲ್ಲಿಗೆ ಹೊಯ್ಯುವುದೆಂದು ತಿಳಿಯದೆ ಬಾನೆಟ್ಟಿನ ಮೇಲೆಯೇ ಹೊಯ್ದರು.

ಚಿದಾನಂದ ಗದ್ದೆಯುದ್ದಕ್ಕೂ ತಲೆ ತಗ್ಗಿಸಿ ಹುಡುಕುತ್ತಾ ನಡೆದ. ನಿಶ್ಮಿತಾ ಕಾರಿನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವನು ವಾಪಸು ಬಂದು, "ನಿಮ್ಮದು ಏನೂ ಬೀಳ್ಲಿಲ್ಲ. ಮುಂದಿನ ವರ್ಷ ಬರಬಹುದು," ಎಂದ.

ಅಷ್ಟರಲ್ಲಿ ಅಶೋಕ ಬಂದ. ಈ ಸಲ ಗೆದ್ದವನೂ ಅವನೇ. ಕೊರಳಲ್ಲಿ ಹಾರ, ಕಂಕುಳಲ್ಲಿ ಎರಡು ತುಂಡಾದ ಬಂಪರ್. ಮೊದಲ ಸುತ್ತಿನಲ್ಲೇ ಕಳಚಿ ಬಿದ್ದಿತ್ತಂತೆ.

"ನಿಮ್ಮ ಬಾನೆಟ್ ಕೆಲಸ ಭಾರಿ ಉಂಟು ಮಾರಾಯ್ರೆ. ಇದನ್ನೂ ಸ್ವಲ್ಪ ಗಟ್ಟಿ ಮಾಡಿಕೊಡ್ತೀರಾ?"

ನಿಶ್ಮಿತಾ ಬಂಪರ್ ನೋಡಿದಳು, ಆಮೇಲೆ ಚಿದಾನಂದನನ್ನು ನೋಡಿದಳು. "ಸರ್, ಇವರಿಗೆ ಎಚ್ಚರಿಕೆ ಕೊಟ್ರಾ?"

"ಎಂಥ ಎಚ್ಚರಿಕೆ?" ಎಂದ ಅಶೋಕ. ಅಂಥದ್ದು ತನಗೂ ಇರಬಹುದೆಂದು ಅವನಿಗೆ ನಿಜಕ್ಕೂ ಹೊಳೆದಿರಲಿಲ್ಲ.

"ಅವರು ಗೆದ್ದವರಲ್ವಾ ಮೇಡಂ," ಅಂದ ಚಿದಾನಂದ.

ಅವಳ ಮೈಯೆಲ್ಲ ಉರಿಯಿತು. ಆದರೂ ಕೌಂಟರಿನಲ್ಲಿ ಕೂತಾಗಿನ ದನಿಯಲ್ಲೇ ಮಾತಾಡಿದಳು.

"ಬರೀ ಬಂಪರ್ ತಂದ್ರೆ ಅಳತೆ ಸಿಗೋದಿಲ್ಲ ಅಶೋಕಣ್ಣ. ಕಾರನ್ನೇ ತಂದು ನಮ್ಮನೇಲಿ ಬಿಡಿ. ಬಾನೆಟ್ಟು, ಬಾಗಿಲು, ಎಲ್ಲ ನಮ್ಮದರ ಹಾಗೇ ನಾನೇ ಹತ್ರ ನಿಂತು ಗಟ್ಟಿ ಮಾಡಿಸ್ತೇನೆ."

ಅಶೋಕ ಬಂಪರ್ ಕೆಳಗಿಟ್ಟು, ಎರಡೂ ಕೈ ಜೋಡಿಸಿ ಉಪಕಾರವಾಯಿತು ಎಂದ.