ಲಾಯಕ್ಕೆ ತಲುಪದ ಸುದ್ದಿ

ತಿಂಗಳು ತುಂಬುವ ಮೊದಲೇ ಗರ್ಭದಲ್ಲೇ ಸತ್ತು ಹೊರಬಿದ್ದ ಕುದುರೆಮರಿಯಿಂದ ತೆಗೆದ ಹರ್ಪಿಸ್ ವೈರಸ್ಸಿನ ಜೀನೋಮ್ ಶಶಿಕಲಾಳ ಪರದೆಯ ಮೇಲಿತ್ತು. ಪ್ರೋಟೀನ್ ತಯಾರಿಸುವ ಜೀನ್‌ಗಳು ಎಲ್ಲೆಲ್ಲಿರಬಹುದೆಂದು ಸಾಫ್ಟ್‌ವೇರ್ ಊಹಿಸುತ್ತದೆ. ಉದ್ದವಾಗಿ ಕಂಡದ್ದನ್ನೆಲ್ಲ ಜೀನ್ ಎಂದುಬಿಡುತ್ತದೆ. ಬೇರೆ ಕುದುರೆ ವೈರಸ್‌ಗಳ ಜೊತೆ ಹೋಲಿಸಿ ನಿಜವಾದದ್ದನ್ನು ಉಳಿಸಿ, ಹುಸಿಯನ್ನು ಹೊಡೆದುಹಾಕುವುದು ಅವಳ ಕೆಲಸ. ಎರಡು ಮಾತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ.

ಟೀ ಕುಡಿಯಲು ಹೊರಬಂದರೆ, ಲ್ಯಾಬಿನ ಬಾಗಿಲ ಬಳಿ ಸುಂಕದಕಟ್ಟೆಯ ಅಂಜಿನಯ್ಯ ಕೂತಿದ್ದ. ಮದುವೆ ಮೆರವಣಿಗೆಗೆ ಕುದುರೆ ಕಳಿಸುವವನು. ಆ ಮರಿ ಅವನದೇ.

"ಮೇಡಂ, ನಮ್ಮ ಮರಿ ಯಾಕೆ ಸತ್ತೋಯ್ತು ಅಂತ ಗೊತ್ತಾಯ್ತಾ? ಇನ್ನೊಂದು ಕುದುರೇನೂ ಗಬ್ಬ ಆಗೈತೆ, ಅದೇ ಲಾಯದಲ್ಲೇ ಕಟ್ಟಿದೀನಿ."

 ಸುದ್ದಿ ಅವನಿಗೆ ಎಂದೋ ಮುಟ್ಟಿರುತ್ತದೆ ಎಂದುಕೊಂಡಿದ್ದಳು ಶಶಿಕಲಾ. ನೇರ ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಶಂಭುಲಿಂಗಪ್ಪನವರ ಕೋಣೆಗೆ ನುಗ್ಗಿದಳು.

"ಸಾರ್, ಅವ್ರಿಗೆ ಯಾರೂ ಹೇಳೇ ಇಲ್ವಂತೆ!"

"ಎರಡು ಜೀನ್ ಬಾಕಿ ಅಂತ ನೀನೇ ಅಂದೆಯಲ್ಲಮ್ಮ. ಪೇಪರ್ ಮೊದ್ಲು ಜರ್ನಲ್‌ಗೆ ಹೋಗ್ಲಿ, ಆಮೇಲೆ ರಿಪೋರ್ಟ್ ಕೊಡೋಣ."

ತನ್ನ ಎಚ್ಚರಿಕೆಯನ್ನೇ ಇವರು ಬಾಯಿ ಮುಚ್ಚಿಕೊಂಡಿರಲು ನೆಪ ಮಾಡಿಕೊಂಡಿದ್ದಾರೆ! ಅವಳ ಮೈ ಉರಿಯಿತು.

"ಆ ಎರಡು ಇದ್ರೆಷ್ಟು, ಬಿಟ್ರೆಷ್ಟು! ಯಾವ ವೈರಸ್ ಅಂತ ಮೊದಲನೇ ವಾರವೇ ಗೊತ್ತಿತ್ತಲ್ಲ ಸಾರ್. ನಿಮ್ಮ ಪೇಪರ್ ಬರೋವರ್ಗೂ ಹೊಟ್ಟೇಲಿರೋ ಮರಿ ಕಾಯ್ಕೊಂಡಿರ್ಬೇಕಾ?"

"ಡೇಟಾ ಹೊರಗೆ ಹೋಗಂಗಿಲ್ಲ. ಕೆಲಸ ಬೇಕೋ ಬೇಡ್ವೋ ನಿಂಗೆ?"

"ಡೇಟಾ ನಿಮ್ದೇ ಇರ್ಲಿ. ಸತ್ತ ಮರಿ ಅವರ್ದು."

ಹೊರಬಂದವಳೇ ಹೇಳಿದಳು: "ಅಣ್ಣಾ, ಅದು ಹರಡೋ ಕಾಯಿಲೆ. ಕುದುರೆಗಳನ್ನ ಬೇರೆ ಬೇರೆ ಕಟ್ಟಿಸಿ. ನೀರಿನ ಬಕೆಟ್ಟೂ ಬೇರೆ. ಕುದುರೆ ನೋಡೋ ಡಾಕ್ಟ್ರನ್ನ ಇವತ್ತೇ ಕರೆಸಿ."

ಅಂಜಿನಯ್ಯ ಗಡಿಬಿಡಿಯಿಂದ ಹೆಂಡತಿ ಯಶೋದಮ್ಮನಿಗೆ ಫೋನ್ ಹಚ್ಚಿದ. ಅವಳು ಎತ್ತಲಿಲ್ಲ. ತಟ್ಟನೆ ತಿರುಗಿದ.

"ನಿಮ್ಗೆಲ್ಲ ಯಾವಾಗಿಂದ ಗೊತ್ತಿತ್ತು?"

"ಒಂದು ತಿಂಗಳಾಯ್ತು."

"ತಿಂಗಳಾ! ಮೂತಿಗೆ ಮೂತಿ ತಾಗಿಸ್ಕೊಂಡು ಒಂದೇ ತೊಟ್ಟೀಲಿ ನೀರು ಕುಡೀತಾವಲ್ರಮ್ಮ! ಓದ್ದೋರಾ ನೀವು? ಒಂದು ಫೋನ್ ಮಾಡಕ್ಕೆ ಏನು ರೋಗ ಬಂದಿತ್ತು?"

ಸೆಕ್ಯೂರಿಟಿಯವನು ಎದ್ದು ನಿಂತ. ಒಳಗಿನಿಂದ ಶಂಭುಲಿಂಗಪ್ಪನವರು ಅವಳ ಹೆಸರು ಹಿಡಿದು ಕೂಗುತ್ತಿದ್ದರು.  ಸುದ್ದಿ ಮುಟ್ಟಿತೇ ಎಂದು ಒಂದು ಮಾತು ಕೇಳದೆ ಇದ್ದವರಲ್ಲಿ ಶಶಿಕಲಾಳೂ ಒಬ್ಬಳು. ಹೊರಗೆ ನಿಲ್ಲಿಸಿದ್ದ ತನ್ನ ಸ್ಕೂಟರ್ ಚಾಲೂ ಮಾಡಿದಳು.

"ಬೈಯಿರಿ ಅಣ್ಣಾ, ಬೈಯಿಸ್ಕೋತೀನಿ. ದಾರೀಲಿ ಬೈಯಿರಿ. ಮೊದ್ಲು ಹತ್ತಿ, ಲಾಯಕ್ಕೆ ಹೋಗೋಣ."